ಚಾರ್ಜಿಂಗ್ ಟಾರ್ಚು ಕೈಕೊಡುವುದೇಕೆ?

ನಡುರಾತ್ರಿ ತ್ರೀಫೇಸ್ ಕರೆಂಟು ಬಂತೆಂದು ಪಂಪ್‌ಸೆಟ್ಟಿನ ಕಡೆ ಹೊರಟಿದ್ದೀರಿ. ಬದುವಿನ ಮೇಲೆ ಅರ್ಧ ದಾರಿಗೇ ಟಾರ್ಚು ಮಂಕಾಗಿ ಆರಿಹೋಯಿತು. ಹಾವು ಹುಳ ಓಡಾಡುವ ಹೊತ್ತು. "ಸಾಯಂಕಾಲವೆಲ್ಲ ಚಾರ್ಜಿಗೆ ಹಾಕಿದ್ದೆನಲ್ಲ!" ಎನ್ನುತ್ತೀರಿ. ನನಗೂ ಹೀಗಾಗಿದೆ, ಕೋಲು ಕುಟ್ಟುತ್ತಾ ಊರು ಸೇರಿದ್ದೇನೆ.

ಅಗ್ಗದ ಟಾರ್ಚುಗಳಲ್ಲಿ ಅನೇಕವಕ್ಕೆ 4 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯ ಮರಿ ಎನ್ನಿ. ಬರಿದಾಗಿ ಕೂರುವುದು ಇದಕ್ಕೆ ಆಗದು. ಬರಿದಾದಾಗ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಕೂಡಲೇ ಚಾರ್ಜು ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಹೊತ್ತು ಚಾರ್ಜಿಗಿಟ್ಟರೂ ತುಂಬುವುದು ಸ್ವಲ್ಪವೇ. ಕೆಂಪು ದೀಪವೇನೋ ಉರಿಯುತ್ತಿರುತ್ತದೆ! ಕರೆಂಟು ಬಂದಿದೆ ಎಂದಷ್ಟೇ ಅದರ ಅರ್ಥ, ಬ್ಯಾಟರಿ ತುಂಬಿತೆಂದಲ್ಲ.

ತಯಾರಿಸುವವರ ಜಿಪುಣತನವೂ ಇದೆ ಅನ್ನಿ. ಪೂರ್ತಿ ಬರಿದಾಗುವ ಮೊದಲೇ ತಾನಾಗಿ ಆರುವ, ತುಂಬಿದ ಮೇಲೆ ಚಾರ್ಜು ನಿಲ್ಲಿಸುವ ಏರ್ಪಾಡು ಇಂಥವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಆ ಕೆಲಸ ನಾವೇ ಮಾಡಬೇಕು. ಬೆಳಕು ಮಂಕಾದ ಕೂಡಲೇ ಆರಿಸಿ, ಅದೇ ದಿನ ಚಾರ್ಜಿಗೆ ಹಾಕಿ. ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಆದ ಮೇಲೆ ತೆಗೆಯಿರಿ. ಬಳಸದೆ ಅಟ್ಟದ ಮೇಲಿಡುವುದಾದರೆ ತುಂಬಿಸಿಯೇ ಇಡಿ. ಒಂದೆರಡು ತಿಂಗಳಿಗೊಮ್ಮೆ ಮತ್ತೆ ತುಂಬಿಸಿ.

ಮಕ್ಕಳಿರುವ ಮನೆಯವರು ಇದನ್ನು ಕೇಳಿ. ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಎಷ್ಟೋ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ 230 ವೋಲ್ಟಿನ ಕರೆಂಟು ಒಳಗಿನ ತಂತಿಗಳವರೆಗೂ ಬರುತ್ತದೆ. ಚಾರ್ಜಿನಲ್ಲಿರುವಾಗ ಬಿಚ್ಚಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಹೊದಿಕೆ ಒಡೆದಿದ್ದರೆ ಪ್ಲಗ್ಗಿಗೆ ಹಾಕಲೇಬೇಡಿ.

ಹೊಸದನ್ನು ಕೊಳ್ಳುವಾಗ ಅಂಗಡಿಯವರನ್ನು ಕೇಳಿ: ಬ್ಯಾಟರಿ ಹೋದರೆ ಬೇರೆ ಹಾಕಲು ಬರುತ್ತದೆಯೇ? ಹೋದದ್ದನ್ನು ತಿಪ್ಪೆಗೆ ಎಸೆಯದೆ ಬ್ಯಾಟರಿ ಅಂಗಡಿಗೆ ಕೊಡಿ. ಸೀಸ ವಿಷ.