‘ಡಬಲ್ ಜಾಯಿಂಟ್’ ಎಂದರೆ ಎರಡು ಕೀಲೇ?

ಹೆಬ್ಬೆರಳನ್ನು ಬಾಗಿಸಿ ಮುಂಗೈಗೆ ತಾಗಿಸುವವರನ್ನು ‘ಡಬಲ್ ಜಾಯಿಂಟ್’ ಎನ್ನುತ್ತಾರಲ್ಲ, ಅವರಿಗೆ ನಿಜಕ್ಕೂ ಎರಡೆರಡು ಕೀಲುಗಳಿರುತ್ತವೆಯೇ?

ಇಲ್ಲ. ಎಲ್ಲರಿಗಿರುವಷ್ಟೇ ಕೀಲುಗಳು ಅವರಿಗೂ ಇರುತ್ತವೆ.

ವ್ಯತ್ಯಾಸವಿರುವುದು ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಅಸ್ಥಿರಜ್ಜುಗಳಲ್ಲಿ. ಇವುಗಳಿಗೆ ಗಟ್ಟಿತನ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನ್. ಅನುವಂಶೀಯವಾಗಿ ಅದರ ರಚನೆ ತುಸು ಬೇರೆಯಾದರೆ ರಜ್ಜು ಹೆಚ್ಚು ಹಿಗ್ಗುತ್ತದೆ. ಗೂಟಕ್ಕೆ ಕಟ್ಟಿದ ಕರುವಿನ ಹಗ್ಗ ಉದ್ದವಾದಷ್ಟೂ ಅದು ಮೇಯುವ ಜಾಗ ಹಿಗ್ಗುವಂತೆ, ಕೀಲಿನ ಓಡಾಟವೂ ಹೆಚ್ಚುತ್ತದೆ. ಕೆಲವರಲ್ಲಿ ಕೀಲಿನ ಗುಳಿಯೇ ಆಳವಿಲ್ಲದಿರುವುದೂ ಉಂಟು.

ವೈದ್ಯರು ಇದನ್ನು ಹೈಪರ್‌ಮೊಬಿಲಿಟಿ ಎನ್ನುತ್ತಾರೆ. 9 ಅಂಕಗಳ ಬೈಟನ್ ಮಾಪನದಲ್ಲಿ ಕಿರುಬೆರಳು, ಹೆಬ್ಬೆರಳು, ಮೊಣಕೈ, ಮೊಣಕಾಲು, ಬೆನ್ನುಗಳ ಬಾಗುವಿಕೆಯನ್ನು ಅಳೆಯುತ್ತಾರೆ. ಮಕ್ಕಳಲ್ಲಿ ಇದು ಹೆಚ್ಚು, ವಯಸ್ಸಾದಂತೆ ಕಡಿಮೆ. ನೃತ್ಯಕ್ಕೆ, ಜಿಮ್ನಾಸ್ಟಿಕ್ಸ್‌ಗೆ ಇದೊಂದು ವರವೇ. ಆದರೆ ನೋವಿದ್ದರೆ, ಕೀಲು ಪದೇ ಪದೇ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ.