ಸೆಕೆಂಡ್ ಹ್ಯಾಂಡ್ ಬೈಕು, ಬಾಗಿದ ಫೋರ್ಕು

ಬೈಲಹೊಂಗಲದ ನಮ್ಮ ಚಿಕ್ಕಮ್ಮನ ಮಗ ಚಾಕಣದ ಕಾರ್ಖಾನೆಯೊಂದಕ್ಕೆ ಸೇರಿ ಎಂಟು ತಿಂಗಳಾಗಿತ್ತು. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಸಿಗುವುದಿಲ್ಲ, ರಿಕ್ಷಾದವರು ಹೇಳಿದ್ದೇ ದರ. ಬೈಕು ತಗೋಬೇಕು ಅಂದ. ಹೊಸದಕ್ಕೆ ಸಾಲ ಮಾಡಬೇಡ, ಹಳೆಯದೊಂದು ನೋಡೋಣ ಎಂದವನು ನಾನೇ. ಪಿಂಪ್ರಿಯಲ್ಲಿ 150 ಸಿಸಿಯ ಪಲ್ಸರ್ ನೋಡಲು ಅವನ ಜೊತೆ ಹೋದವನೂ ನಾನೇ. ಎಂಜಿನ್ ಸದ್ದು ಕೇಳಿದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆಯೇ ನೋಡಿದೆ, ಚೈನು, ಟೈರು, ಆರ್‌ಸಿ ಕಾರ್ಡು ಎಲ್ಲ ನೋಡಿ, "ಗಾಡಿ ಚಲೋ ಐತಿ, ತಗೋ" ಅಂದೆ. ಮುಂದಿನ ಎರಡು ಪೈಪುಗಳ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ.

ಮೂರನೆಯ ವಾರ ಫೋನು ಬಂತು. "ಅಣ್ಣಾ, ಬ್ರೇಕ್ ಹಿಡದ್ರ ಗಾಡಿ ಎಡಕ್ಕ ಎಳೀತೈತಿ. ಸೀದಾ ಹೋಗಬೇಕಂದ್ರ ಹ್ಯಾಂಡಲ್ ಒಂಚೂರು ಸೊಟ್ಟ ಹಿಡೀಬೇಕು." ಜೊತೆಗೆ ಒಂದು ಪೈಪಿನ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದೆ ಎಂದೂ ಹೇಳಿದ.

ನಿಗಡಿಯ ಹತ್ತಿರ ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಇಂಡಿ ತಾಲೂಕಿನವರು, ಪುಣೆಗೆ ಬಂದು ಇಪ್ಪತ್ತು ವರ್ಷವಾಗಿದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅರ್ಧ ನಿಮಿಷ ಸುಮ್ಮನೆ ನೋಡಿದರು. ಒಂದು ಬೋಲ್ಟನ್ನೂ ಮುಟ್ಟಲಿಲ್ಲ. "ಚಿಮಟಾ ಬೆಂಡ್ ಐತ್ರಿ ಸರ. ಎಲ್ಲೋ ಮುಂದ ಗುದ್ದೈತಿ. ಬಣ್ಣ ಹೊಡದು ಮಾರ್ಯಾರ ನೋಡ್ರಿ."

ಅವರು ತೋರಿಸಿದ ಮೇಲೆ ನನಗೂ ಕಾಣಿಸಿತು. ಪಕ್ಕದಿಂದ ನೋಡಿದರೆ ಎಡ ಮತ್ತು ಬಲದ ಪೈಪುಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡು ಒಂದೇ ಗೆರೆಯಂತೆ ಕಾಣಬೇಕು. ಇಲ್ಲಿ ಎಡದ ಪೈಪು ಟಿ ಕೆಳಗೆ ತುಸು ಹಿಂದಕ್ಕೆ ವಾಲಿತ್ತು.

ಮುಂದಿನ ಫೋರ್ಕಿನ ಒಳಗೆ ಏನಿದೆ ಎಂದು ನಮ್ಮಲ್ಲಿ ಹೆಚ್ಚಿನವರು ಯೋಚಿಸಿರುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಪೈಪು, ಅದರ ಮೈಮೇಲೆ ಹೊಳೆಯುವ ಗಟ್ಟಿ ಕ್ರೋಮ್ ಲೇಪ. ಆ ಪೈಪು ಕೆಳಗಿನ ಅಲ್ಯೂಮಿನಿಯಂ ಕೊಳವೆಯೊಳಗೆ ಮೇಲೆ ಕೆಳಗೆ ಜಾರುತ್ತದೆ. ಭಾರ ಹೊರುವುದು ಒಳಗಿನ ಉದ್ದನೆಯ ಸ್ಪ್ರಿಂಗು. ಸ್ಪ್ರಿಂಗೊಂದೇ ಇದ್ದರೆ ಗುಂಡಿ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತಿತ್ತು. ಪೈಪು ಜಾರಿದಾಗಲೆಲ್ಲ ಒಳಗಿನ ಎಣ್ಣೆ ಸಣ್ಣ ಸಣ್ಣ ತೂತುಗಳ ಮೂಲಕ ಹಾಯಬೇಕು; ಆ ತಡೆಯೇ ಕುಣಿತವನ್ನು ನಿಲ್ಲಿಸುತ್ತದೆ. ಎಣ್ಣೆ ಹೊರಗೆ ಬರದಂತೆ ಕೊಳವೆಯ ಬಾಯಲ್ಲಿ ಆಯಿಲ್ ಸೀಲು ಇರುತ್ತದೆ. ಎರಡೂ ಪೈಪುಗಳನ್ನು ಹ್ಯಾಂಡಲಿನ ಕೆಳಗೆ ಬಿಗಿಯಾಗಿ ಹಿಡಿದಿರುವ ಕವಲನ್ನೇ ಮೆಕ್ಯಾನಿಕ್‌ಗಳು ಟಿ ಅನ್ನುವುದು. ಬ್ರೇಕ್ ಹಿಡಿದಾಗ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ಸರಿದು ಬಂದು ಕೂರುವುದು ಇವುಗಳ ಮೇಲೆ.

ಪೈಪು ಬಾಗಿದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಚಕ್ರ ಎಂಜಿನ್ ಕಡೆಗೆ ಸರಿಯುವುದರಿಂದ ಗಾಡಿ ತಾನಾಗಿ ನೇರಕ್ಕೆ ಬರುವ ಗುಣ ಕಡಿಮೆಯಾಗುತ್ತದೆ, ಸಣ್ಣ ಅಲುಗಾಟಕ್ಕೂ ಹ್ಯಾಂಡಲ್ ತಿರುಗುತ್ತದೆ. ಇನ್ನೊಂದು, ಸೊಟ್ಟ ಪೈಪು ಸೀಲಿನ ಒಂದೇ ಬದಿಯನ್ನು ಉಜ್ಜಿ ಎಣ್ಣೆ ಬಿಡುತ್ತದೆ. ಆ ಎಣ್ಣೆ ಕೆಳಗಿಳಿದು ಡಿಸ್ಕಿಗೂ ಬ್ರೇಕ್ ಪ್ಯಾಡಿಗೂ ತಾಗಿದರೆ, ಬೇಕಾದ ಹೊತ್ತಿಗೆ ಬ್ರೇಕು ಹಿಡಿಯುವುದಿಲ್ಲ. ತಮ್ಮ ಅದೇ ಗಾಡಿಯಲ್ಲಿ ರಾತ್ರಿ ಎರಡು ಗಂಟೆಗೆ, ಟ್ರಕ್ಕುಗಳ ನಡುವೆ, ಚಾಕಣ ರಸ್ತೆಯಲ್ಲಿ ಬರುತ್ತಿದ್ದ.

ನಿಜವಾದ ತಕರಾರು ಶುರುವಾದದ್ದು ರಿಪೇರಿ ಹೇಗೆ ಎಂಬಲ್ಲಿ. ಅವನ ರೂಮಿನ ಗೆಳೆಯರು ಯಾರೋ ಹೇಳಿದ್ದರು, ಪ್ರೆಸ್ಸಿಗೆ ಕೊಟ್ಟರೆ ಪೈಪು ನೆಟ್ಟಗೆ ಮಾಡಿಕೊಡುತ್ತಾರೆ, ನಾಲ್ಕೈದು ನೂರರಲ್ಲಿ ಕೆಲಸ ಮುಗಿಯುತ್ತದೆ ಎಂದು. "ಅಣ್ಣಾ, ಈ ತಿಂಗಳ ತಂಗೀ ಫೀ ಕಟ್ಟಬೇಕು. ಹೊಸಾ ಪೈಪ ಅಂದ್ರ ರೊಕ್ಕ ಎಲ್ಲಿಂದ ತರ್ಲಿ?" ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಮನೆಗೆ ಹಣ ಕಳಿಸುವ ಹುಡುಗರ ಲೆಕ್ಕ ನಮಗೆಲ್ಲ ಗೊತ್ತಿರುವುದೇ.

ಆದರೆ ಪ್ರೆಸ್ಸಿನಲ್ಲಿ ನಡೆಯುವುದು ಇಷ್ಟು: ಒಮ್ಮೆ ಬಾಗಿ ಸೋತ ಉಕ್ಕನ್ನು ತಣ್ಣಗಿರುವಾಗಲೇ ಮತ್ತೆ ಉಲ್ಟಾ ಬಾಗಿಸುತ್ತಾರೆ. ತಂತಿಯನ್ನು ಅತ್ತ ಇತ್ತ ಬಾಗಿಸಿ ಮುರಿಯುತ್ತೇವಲ್ಲ, ಅದರ ಮೊದಲ ಎರಡು ಹೆಜ್ಜೆ ಇದು. ಕ್ರೋಮ್ ಲೇಪ ಗಟ್ಟಿಯೂ ಹೌದು, ಪೆಡಸೂ ಹೌದು. ಬಾಗಿದ ಜಾಗದಲ್ಲಿ ಅದು ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಆ ಸೀಳಿನಲ್ಲಿ ನೀರು ಸೇರಿ ತುಕ್ಕು ಹತ್ತುತ್ತದೆ, ತುಕ್ಕಿನ ಚುಕ್ಕಿ ಹೊಸ ಸೀಲನ್ನೂ ಹರಿಯುತ್ತದೆ. ಪೈಪು ಎಲ್ಲಿಂದ ಮುರಿಯಬಹುದು ಎಂದರೆ ಹೆಚ್ಚು ಒತ್ತಡ ಬೀಳುವ ಟಿ ಕೆಳಗಿನ ಜಾಗದಿಂದಲೇ, ಅಂದರೆ ಸಾಮಾನ್ಯವಾಗಿ ಬಾಗುವ ಜಾಗದಿಂದಲೇ. ಯಮಹಾದ ಸರ್ವಿಸ್ ಮ್ಯಾನುಯಲ್‌ಗಳಲ್ಲಿ ಬಾಗಿದ ಪೈಪನ್ನು ನೆಟ್ಟಗೆ ಮಾಡಲು ಹೋಗಬೇಡಿ, ಅದು ಅಪಾಯಕಾರಿಯಾಗಿ ದುರ್ಬಲವಾದೀತು ಎಂಬ ಎಚ್ಚರಿಕೆಯನ್ನೇ ಕೊಟ್ಟಿರುತ್ತಾರೆ. ನಮ್ಮ ಮೆಕ್ಯಾನಿಕ್ ಯಾವ ಮ್ಯಾನುಯಲನ್ನೂ ಓದಿದವರಲ್ಲ. "ಕಾಲ್ ಮುರದಾವಂಗ ಕಟಗಿ ಕಟ್ಟಿ ಓಡು ಅಂದಂಗ ಆಕ್ಕೈತ್ರಿ. ನಾ ಮಾಡೂದಿಲ್ಲ, ಬ್ಯಾರೆ ಕಡೆ ಒಯ್ರಿ" ಅಂದರು.

ಕೊನೆಗೆ ಅರ್ಧ ದುಡ್ಡು ನಾನು ಹಾಕುವುದೆಂದಾಯಿತು. ಗಾಡಿ ಚಲೋ ಐತಿ ಅಂದವನು ನಾನೇ ಅಲ್ಲವೇ.

ಬಿಚ್ಚಿದ ಮೇಲೆ ಎಡದ ಪೈಪಿಗೆ ಅಳತೆಯೇ ಬೇಕಾಗಲಿಲ್ಲ. ದಪ್ಪ ಗಾಜಿನ ಮೇಲೆ ಉರುಳಿಸಿದರೆ ಕೆಳಗಿನಿಂದ ಬೆಳಕು ಇಣುಕುತ್ತಿತ್ತು. ಬಲದ್ದು ಕಣ್ಣಿಗೆ ನೆಟ್ಟಗೇ ಇತ್ತು. ಒಂದನ್ನೇ ಬದಲಿಸಿದರೆ ಸಾಲದೇ ಎಂದು ತಮ್ಮನ ಪ್ರಶ್ನೆ. ಭೋಸರಿಯ ಲೇತ್ ಅಂಗಡಿಯಲ್ಲಿ ಅದನ್ನು ವಿ ಬ್ಲಾಕ್ ಮೇಲಿಟ್ಟು ಡಯಲ್ ಗೇಜು ಹಿಡಿದು ತಿರುಗಿಸಿದರು. ಮುಳ್ಳು 0.6 ಮಿ.ಮೀ. ಓಡಾಡಿತು. ಮುಳ್ಳು ತೋರಿಸಿದ್ದರ ಅರ್ಧ ನಿಜವಾದ ಬಾಗು, ಅಂದರೆ 0.3. ಹೋಂಡಾದ ಹಲವು ಮಾದರಿಗಳ ಮ್ಯಾನುಯಲ್‌ನಲ್ಲಿ 0.2 ಮಿ.ಮೀ. ದಾಟಿದರೆ ಪೈಪು ಬದಲಿಸಿ ಎಂದಿರುತ್ತದೆ. ನಮ್ಮದು ಹೋಂಡಾ ಅಲ್ಲ, ಆದರೂ ಅಂದಾಜಿಗೆ ಅಷ್ಟು ಸಾಕಾಯಿತು. ಎರಡೂ ಹೊಸದು ಎಂದು ಅಲ್ಲೇ ತೀರ್ಮಾನವಾಯಿತು.

ಪುಣೆಯಲ್ಲಿ ಬೈಕಿನ ಬಿಡಿಭಾಗ ಎಂದರೆ ನಾನಾ ಪೇಠೆ. ಚೆನ್ನೈನವರಿಗೆ ಪುದುಪೇಟೆ, ದೆಹಲಿಯವರಿಗೆ ಕರೋಲ್ ಬಾಗ್ ಇದ್ದ ಹಾಗೆ. ಇಲ್ಲಿಗೆ ಹೋಗುವಾಗ ಹಳೆಯ ಪೈಪನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಪಲ್ಸರ್ 2001ರಲ್ಲಿ ಬಂದದ್ದು, ಅಂದಿನಿಂದ ಎಷ್ಟೋ ಸಲ ಬದಲಾಗಿದೆ. ಹೆಸರು ಒಂದೇ ಎಂದು ಪೈಪಿನ ದಪ್ಪ ಉದ್ದವೂ ಒಂದೇ ಎಂದುಕೊಳ್ಳುವ ಹಾಗಿಲ್ಲ. ಗಾಡಿ ಯಾವ ವರ್ಷದ್ದು ಎಂಬುದನ್ನೂ ಆರ್‌ಸಿ ನೋಡಿ ಹೇಳಬೇಕು. ಅಂಗಡಿಯವನು ಪ್ಯಾಕಿಂಗ್ ಇಲ್ಲದ ಒಂದು ಜೋಡಿಯನ್ನೂ ತೋರಿಸಿದ, ಬೆಲೆ ಅರ್ಧಕ್ಕಿಂತ ಕಡಿಮೆ. ಹೊಳಪೇನೋ ಇತ್ತು, ಆದರೆ ಉಗುರು ಆಡಿಸಿದರೆ ಮೈ ತರಿತರಿ. ಬೇಡ ಅಂದೆವು. ಪೈಪಿನ ಜೊತೆ ಆಯಿಲ್ ಸೀಲು, ಡಸ್ಟ್ ಸೀಲು, ತಳದ ಬೋಲ್ಟಿನ ತಾಮ್ರದ ವಾಷರು, ಫೋರ್ಕ್ ಆಯಿಲು, ಕೋನ್ ಸೆಟ್ಟು, ಬ್ರೇಕ್ ಪ್ಯಾಡು. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಮತ್ತೆ ಹಾಕುವ ಉಳಿತಾಯ ಬೇಡ.

ಜೋಡಿಸುವುದನ್ನು ನಾನು ಪೂರ್ತಿ ಕೂತು ನೋಡಿದೆ. ಮೊದಲು ಬರೀ ಟಿ ಪರೀಕ್ಷೆ. ಹೊಸ ಪೈಪುಗಳನ್ನು ಒಣ ಒಣದಾಗಿ ಟಿ ಒಳಗೆ ಏರಿಸಿದರು. ಬಡಿಯದೆ, ಕೈಬಲಕ್ಕೇ ಏರಿದರೆ ಒಳ್ಳೆಯ ಲಕ್ಷಣ. ಆಮೇಲೆ ಎರಡೂ ಪೈಪುಗಳ ಮೇಲೆ ಅಡ್ಡವಾಗಿ ಒಂದು ಗಾಜಿನ ಹಲಗೆ ಒತ್ತಿ ಹಿಡಿದರು. ಗಾಜು ಅಲುಗದೆ ಕೂತರೆ ಪೈಪುಗಳು ಸಮಾನವಾಗಿವೆ ಎಂದರ್ಥ. ಮೂಲೆಯಿಂದ ಮೂಲೆಗೆ ಕಟಕಟ ಅಂದರೆ ಟಿ ತಿರುಚಿದೆ. ನಮ್ಮದು ಕೂತಿತು. ನನ್ನ ಎದೆಯೂ ಒಂದಿಷ್ಟು ಕೆಳಗಿಳಿಯಿತು, ಏಕೆಂದರೆ ಟಿ ಆಮೇಲಿನ ಸರದಿ ಫ್ರೇಮಿನದು. ಫ್ರೇಮೇ ಬಾಗಿದ್ದರೆ ಅದು ಬೇರೆಯೇ ಲೆಕ್ಕ. ಚಾಸಿ ನಂಬರು ಇರುವುದು ಅದರ ಮೇಲೆ, ಬದಲಿಸಬೇಕೆಂದರೆ ಆರ್‌ಟಿಒ ಮೆಟ್ಟಿಲು ಹತ್ತಬೇಕು.

ಸೀಲು ಏರಿಸುವಾಗ ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಗ್ರೀಸು ಸವರಿದರು, ತುದಿಯ ಅಂಚು ಸೀಲಿನ ತುಟಿ ಕೊಯ್ಯದಂತೆ. ಎಣ್ಣೆಯ ವಿಷಯದಲ್ಲಿ ಅನೇಕ ಕಡೆ ಮೋಸವಾಗುತ್ತದೆ, ಮೋಸಕ್ಕಿಂತ ಉದಾಸೀನ ಅನ್ನಬೇಕು. ಡಬ್ಬದಲ್ಲಿ ಉಳಿದ ಎಂಜಿನ್ ಆಯಿಲನ್ನೇ ಅಂದಾಜಿಗೆ ಸುರಿದುಬಿಡುತ್ತಾರೆ. ಅದು ದಪ್ಪವಾದರೆ ಮುಂದಿನ ಚಕ್ರ ಗುಂಡಿಯ ಮೇಲೆ ಕಲ್ಲಿನ ಹಾಗೆ ಕುಟ್ಟುತ್ತದೆ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡು, ಹೇಳಿದಷ್ಟೇ ಮಿ.ಲೀ., ಎರಡೂ ಕಡೆ ಸಮ ಇರಬೇಕು. ಇವರು ಔಷಧಿ ಅಳೆಯುವ ಗಾಜಿನಲ್ಲಿ ಅಳೆದು ಹಾಕಿದರು. ಎರಡೂ ಪೈಪು ಟಿ ಒಳಗೆ ಒಂದೇ ಎತ್ತರಕ್ಕೆ ಬಂದಿದೆಯೇ ಎಂದು ಸ್ಕೇಲು ಹಿಡಿದು ನೋಡಿದರು. ಕ್ಯಾಲಿಪರನ್ನು ಬ್ರೇಕ್ ಹೋಸಿಗೆ ಜೋತುಬಿಡದೆ ತಂತಿಯಲ್ಲಿ ಕಟ್ಟಿದ್ದರು. ಆ್ಯಕ್ಸಲ್ ಹಾಕಿದ ಮೇಲೆ ಉಳಿದ ಬೋಲ್ಟುಗಳನ್ನು ಪೂರ್ತಿ ಬಿಗಿಯದೆ ಗಾಡಿ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಏಳೆಂಟು ಸಲ ಒತ್ತಿದರು. ಪೈಪುಗಳು ತಮ್ಮ ಜಾಗಕ್ಕೆ ತಾವೇ ಕೂತ ಮೇಲೆ ಕೊನೆಯ ಬಿಗಿತ. ಈ ಒಂದು ಹೆಜ್ಜೆ ಬಿಟ್ಟರೆ ಹೊಸ ಪೈಪೂ ಒಳಗೊಳಗೇ ತಿಕ್ಕಾಡುತ್ತದೆ.

ಕೋನ್ ಸೆಟ್ಟಿಗೂ ಹದ ಬೇಕು. ಅತಿ ಬಿಗಿಯಾದರೆ ನಿಧಾನವಾಗಿ ಹೋಗುವಾಗ ಗಾಡಿ ಕುಡಿದವನ ಹಾಗೆ ಅತ್ತಿತ್ತ ವಾಲುತ್ತದೆ, ಸಡಿಲವಾದರೆ ಬ್ರೇಕ್ ಹಿಡಿದಾಗ ಟಕ್ ಅನ್ನುತ್ತದೆ.

ಇನ್ನು ಕೊಳ್ಳುವ ಮುಂಚೆ ನಾನು ನೋಡಬೇಕಿದ್ದದ್ದು. ಪಕ್ಕದಿಂದ ಪೈಪುಗಳ ಗೆರೆ ನೋಡುವುದು, ಹೇಳಿಯಾಯಿತು. ಹ್ಯಾಂಡಲನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ, ತಡೆಯುವ ಗುಬುಟು ಜಜ್ಜಿದೆಯೇ ನೋಡಿ. ಮುಂದೆ ಗುದ್ದಿದ ಗಾಡಿಯಲ್ಲಿ ಬಹಳ ಸಲ ಅದೇ ಸಾಕ್ಷಿ ಹೇಳುತ್ತದೆ. ಟ್ಯಾಂಕಿನ ಮುಂದೆ, ಫ್ರೇಮು ಹ್ಯಾಂಡಲಿಗೆ ಸೇರುವ ಕತ್ತಿನಲ್ಲಿ ಬಣ್ಣ ಸುಕ್ಕಾಗಿದ್ದರೆ ಅಥವಾ ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಬೆಲೆ ಕೇಳದೆ ವಾಪಸು ಬನ್ನಿ. ಪೈಪಿಗೆ ರಬ್ಬರ್ ಬೂಟು ಹಾಕಿದ್ದರೆ ಎತ್ತಿಸಿ ನೋಡಿ. ಓಡಿಸುವಾಗ ಎರಡೂ ಕೈ ಬಿಟ್ಟು ಪರೀಕ್ಷಿಸುವವರಿದ್ದಾರೆ, ದಯವಿಟ್ಟು ಬೇಡ. ಖಾಲಿ ಜಾಗದಲ್ಲಿ ನಿಧಾನವಾಗಿ ಬ್ರೇಕ್ ಹಿಡಿದರೆ ಗೊತ್ತಾಗುತ್ತದೆ.

ಇನ್ನೊಂದು ಕುರುಹು ಕಾಗದದಲ್ಲಿದೆ. ಮಾರುವವರು ಸ್ವಂತ ಹಾನಿಗೂ ಅನ್ವಯಿಸುವ ವಿಮೆ ಮಾಡಿಸಿದ್ದರೆ ಅದರಲ್ಲಿ ನೋ ಕ್ಲೇಮ್ ಬೋನಸ್ ನಮೂದಾಗಿರುತ್ತದೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20%, ಸತತ ಐದು ವರ್ಷಕ್ಕೆ 50%. ಅದೇ ಮಾಲೀಕರ ಬಳಿ ಐದಾರು ವರ್ಷ ಇದ್ದ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ, ಯಾಕೆ ಎಂದು ಕೇಳಿ. ಪಾಲಿಸಿ ನಡುವೆ ತಪ್ಪಿಹೋಗಿದ್ದರೂ ಸೊನ್ನೆ ಬರುತ್ತದೆ, ಆದರೆ ಕೇಳಿದಾಗ ಉತ್ತರ ಹೇಗೆ ಬರುತ್ತದೆ ಎಂಬುದೂ ಮುಖ್ಯ.

ಕೆಲಸ ಮುಗಿದ ಮೇಲೆ ಹಳೆಯ ಪೈಪುಗಳನ್ನು ಮೆಕ್ಯಾನಿಕ್ ನಮ್ಮ ಎದುರೇ ಗ್ರೈಂಡರ್ ಹಿಡಿದು ಎರಡೆರಡು ತುಂಡು ಮಾಡಿದರು. "ಇಡಿಯಾಗಿ ಗುಜರಿಗೆ ಕೊಟ್ರ ನಾಳಿ ಸೀದಾ ಆಗಿ ಮತ್ತ ಯಾರದರ ಗಾಡಿಗೆ ಬರ್ತಾವ್ರಿ" ಅಂದರು.

ತಮ್ಮ ಅದೇ ಗಾಡಿಯಲ್ಲಿ ದೀಪಾವಳಿಗೆ ಊರಿಗೆ ಹೋಗುತ್ತೇನೆ ಎಂದು ಕುಣಿದ. ಕಾತ್ರಜ್, ಖಂಬಾಟಕಿ ಎರಡೂ ಘಾಟು ದಾಟಬೇಕು. ಮೊದಲು ಇಲ್ಲೇ 500 ಕಿ.ಮೀ. ಓಡಿಸು, ಬೋಲ್ಟು ಮತ್ತೆ ಬಿಗಿಸಿ, ಸೀಲು ಒಣಗಿದೆಯೇ ನೋಡಿಸು, ಈ ಸಲ ಬಸ್ಸಿಗೇ ಹೋಗು ಅಂದೆ. ಒಪ್ಪಿಕೊಂಡ. ಆಮೇಲೆ ಅವನ ರೂಮಿನ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೊರಟಾಗ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪೈಪು ನೋಡಿದವನು ಇವನೇ ಅಂತೆ.