ಏಳು ತಂತಿಗಳ ಸ್ಮಾರಕ

ಬೆಂಗಳೂರಿನ ವೈಯಾಲಿಕಾವಲ್ ಭಾಗದಲ್ಲಿ, ಸ್ಯಾಂಕಿ ಕೆರೆಗೆ ಸಮೀಪದಲ್ಲಿ, ಪಿಟೀಲಿನ ಆಕಾರದಲ್ಲಿಯೇ ಎದ್ದು ನಿಂತಿರುವ ಚೌಡಯ್ಯ ಸ್ಮಾರಕ ಭವನವು 1980ರಲ್ಲಿ ಬಾಗಿಲು ತೆರೆದಂದಿನಿಂದ ನಗರದ ಗುರುತುಗಳಲ್ಲಿ ಒಂದಾಗಿದೆ. ಕೆ.ಕೆ. ಮೂರ್ತಿಯವರ ಕನಸಾಗಿ ರೂಪುಗೊಂಡು ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯ ಆಡಳಿತದಲ್ಲಿ ನಡೆದುಬಂದಿರುವ ಈ ಕಟ್ಟಡದಲ್ಲಿ ವಾದ್ಯದ ಒಡಲು, ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವನ್ನೂ ಕಾಣಬಹುದಾಗಿದ್ದು, ಸಾವಿರಕ್ಕೂ ಹೆಚ್ಚು ಮಂದಿ ಕುಳಿತು ಕೇಳಬಹುದಾದ ಒಳಾಂಗಣದಲ್ಲಿ ಸಂಗೀತ ಕಛೇರಿಗಳಷ್ಟೇ ಅಲ್ಲದೆ ನಾಟಕ, ನೃತ್ಯ, ಶಾಲಾ ವಾರ್ಷಿಕೋತ್ಸವಗಳೂ ನಡೆಯುತ್ತವೆ. ಆಟೋದವರಿಗೂ ಬಸ್ಸಿನವರಿಗೂ ‘ಚೌಡಯ್ಯ’ ಎಂಬುದು ಇಂದು ಒಂದು ಜಾಗದ ಹೆಸರು. ಆ ಹೆಸರಿನ ಹಿಂದೆ ಇದ್ದ ಮನುಷ್ಯ ಯಾರು, ಅವರು ನುಡಿಸುತ್ತಿದ್ದ ವಾದ್ಯಕ್ಕೆ ನಾಲ್ಕರ ಬದಲು ಏಳು ತಂತಿಗಳು ಏಕಿದ್ದವು ಎಂಬುದು ಸಭಾಂಗಣದೊಳಗೆ ಕುಳಿತವರಲ್ಲಿಯೂ ಎಲ್ಲರಿಗೂ ಗೊತ್ತಿರಲಾರದು.

ತಿರುಮಕೂಡಲು ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಮೈಸೂರು ಸೀಮೆಯಲ್ಲಿ ಕಾವೇರಿಯೂ ಕಪಿಲೆಯೂ ಕೂಡುವ, ಜನರ ನಂಬಿಕೆಯಂತೆ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಬಂದು ಸೇರುವ ತಿರುಮಕೂಡಲಿನಲ್ಲಿ. ಮುಂದೆ ಅವರು ಕೃತಿಗಳನ್ನು ರಚಿಸಿದಾಗ ಈ ಊರಿನ ಹೆಸರನ್ನೇ ಸಂಸ್ಕೃತಗೊಳಿಸಿದ ‘ತ್ರಿಮಕುಟ’ ಎಂಬುದನ್ನು ಅಂಕಿತವನ್ನಾಗಿ, ಅಂದರೆ ವಾಗ್ಗೇಯಕಾರನು ತನ್ನ ರಚನೆಯೊಳಗೆ ಹೆಣೆಯುವ ಗುರುತಿನ ಪದವನ್ನಾಗಿ, ಇಟ್ಟುಕೊಂಡರು. ಹದಿಹರೆಯದಲ್ಲಿ ಅವರು ಸೇರಿದ್ದು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಗುರುಕುಲವನ್ನು. ಕವಿ ಮುದ್ದಣನ ಊರಾದ ನಂದಳಿಕೆಯಿಂದ ಬಂದ ಕೃಷ್ಣಪ್ಪನವರು ಗಾಯಕರು, ಕನ್ನಡದ ದೇವರನಾಮಗಳಿಗೆ ಕಛೇರಿಯ ವೇದಿಕೆಯಲ್ಲಿ ಗೌರವದ ಸ್ಥಾನ ದೊರಕಿಸಿದವರು. ಪಿಟೀಲು ಕಲಿತವನು ಹಾಡುವವರ ಬಳಿ ಪಾಠವಾಗಿ ಬೆಳೆದದ್ದರ ಫಲ ಚೌಡಯ್ಯನವರ ವಾದನದಲ್ಲಿ ಕೊನೆಯವರೆಗೂ ಉಳಿಯಿತು: ಅವರ ಕಮಾನು ಸಾಹಿತ್ಯದ ಅಕ್ಷರಗಳನ್ನು ಅನುಸರಿಸಿ ನಡೆಯುತ್ತಿತ್ತು.

ಅವರು ವೇದಿಕೆ ಏರಿದ ಕಾಲದಲ್ಲಿ ಧ್ವನಿವರ್ಧಕವು ಕಛೇರಿಯ ಸಹಜ ಅಂಗವಾಗಿರಲಿಲ್ಲ. ದೇವಸ್ಥಾನದ ಅಂಗಳ, ಮದುವೆಯ ಚಪ್ಪರ, ರಾಮೋತ್ಸವದ ಪೆಂಡಾಲು ಮುಂತಾದ ಕಡೆಗಳಲ್ಲಿ ನೂರಾರು ಜನ ಕೂಡಿದಾಗ, ಎತ್ತರದ ಶ್ರುತಿಯಲ್ಲಿ ತುಂಬುಕಂಠದಿಂದ ಹಾಡುತ್ತಿದ್ದ ಗಾಯಕರ ದನಿ ಹಿಂದಿನ ಸಾಲಿಗೆ ತಲುಪಿದರೂ, ಪಕ್ಕದಲ್ಲಿ ಕುಳಿತ ಪಿಟೀಲಿನ ನಾದ ಅರ್ಧ ದಾರಿಯಲ್ಲಿಯೇ ಕರಗಿಹೋಗುತ್ತಿತ್ತು. ಈ ಕೊರತೆಗೆ ಚೌಡಯ್ಯನವರು ಕಂಡುಕೊಂಡ ಪರಿಹಾರವೇ 1927ರಲ್ಲಿ ರೂಪುಗೊಂಡ ಏಳು ತಂತಿಯ ಪಿಟೀಲು. ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂಬ ಕ್ರಮದಲ್ಲಿ ಶ್ರುತಿ ಮಾಡುವುದು ರೂಢಿ. ಈ ನಾಲ್ಕರ ಜೊತೆಗೆ ಅವರು ಇನ್ನೂ ಮೂರು ತಂತಿಗಳನ್ನು ಸೇರಿಸಿ, ಒಂದೇ ಎಳೆತದಲ್ಲಿ ಜೋಡಿ ತಂತಿಗಳು ಒಟ್ಟಾಗಿ ಮಿಡಿದು ನಾದ ದಪ್ಪವಾಗುವಂತೆ ಮಾಡಿದರು.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ನಾಲ್ಕು ಬಿರಡೆಗಳಿಗಾಗಿ ಮಾಡಿದ ತಲೆಯಲ್ಲಿ ಏಳು ಬಿರಡೆಗಳಿಗೆ ಜಾಗ ಮಾಡಬೇಕು. ತಂತಿಗಳನ್ನು ಹೊರುವ ಸಣ್ಣ ಮರದ ತುಂಡಾದ ಕುದುರೆಯಲ್ಲಿ ಏಳು ಗೀರುಗಳನ್ನು ಕೊರೆಯಬೇಕು. ಮೂರು ತಂತಿಗಳ ಹೆಚ್ಚುವರಿ ಬಿಗಿತವನ್ನು ವಾದ್ಯದ ತೆಳು ಹಲಗೆ ತಾಳಿಕೊಳ್ಳಬೇಕು. ನುಡಿಸುವವನ ಪಾಡು ಇನ್ನೂ ಬೇರೆ. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕುಳಿತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಬಳಿ ಊರಿ, ಒಡಲನ್ನು ಎದೆಗೆ ಒತ್ತಿಕೊಂಡ ವಾದಕನು ಎಡಗೈಯ ಒಂದೇ ಬೆರಳಿನಿಂದ ಎರಡು ತಂತಿಗಳನ್ನು ಒಮ್ಮೆಗೇ ಒತ್ತಿ, ಆ ಒತ್ತಡವನ್ನು ಸಡಿಲಿಸದೆ ಜಾರಿಸಿ ಗಮಕವನ್ನು, ಎಂದರೆ ಸ್ವರವನ್ನು ತೂಗಿ ಬಳುಕಿಸುವ ಕ್ರಿಯೆಯನ್ನು, ತೋರಿಸಬೇಕು. ಜೋಡಿಯ ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ಬೇರೆಯಾದರೂ ತುಂಬುನಾದವಾಗಬೇಕಾದದ್ದು ಗೊಗ್ಗರು ಸದ್ದಾಗುತ್ತದೆ. ವಾದ್ಯಕ್ಕೆ ತಂತಿ ಸೇರಿಸುವ ಪ್ರಯೋಗವನ್ನು ಇನ್ನಾರಾದರೂ ಮಾಡಬಹುದಾಗಿತ್ತು. ಅದನ್ನು ದಶಕಗಳ ಕಾಲ ಕಛೇರಿಯ ನಿತ್ಯದ ವಾದ್ಯವಾಗಿ ಪಳಗಿಸಿಕೊಂಡದ್ದೇ ಚೌಡಯ್ಯನವರ ನಿಜವಾದ ಸಾಧನೆಯೆನ್ನಬೇಕು.

ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಮತ್ತು ಚೌಡಯ್ಯ ಎಂಬ ಮೂವರನ್ನು ಆ ತಲೆಮಾರಿನ ಪಿಟೀಲಿನ ತ್ರಿಮೂರ್ತಿಗಳೆಂದು ಎಣಿಸುವುದುಂಟು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ ಮೊದಲಾದ ಹಿರಿಯ ಗಾಯಕರ ಪಕ್ಕದಲ್ಲಿ ಅವರು ನುಡಿಸಿದರಾದರೂ, ಕೇಳಿದವರ ನೆನಪಿನಲ್ಲಿ ಅವರ ಹೆಸರಿನೊಡನೆ ಜೋಡಿಯಾಗಿಯೇ ಬರುವ ಹೆಸರು ಕೇರಳದ ಪಾಲಕ್ಕಾಡು ಸೀಮೆಯ ಚೆಂಬೈ ವೈದ್ಯನಾಥ ಭಾಗವತರದು. ವಯಸ್ಸಿನಲ್ಲಿ ಒಂದು ವರ್ಷದ ಅಂತರವಿದ್ದ ಈ ಇಬ್ಬರ ಒಡನಾಟದಲ್ಲಿ ಪಕ್ಕವಾದ್ಯವೆಂಬುದು ಗಾಯಕನ ನೆರಳಾಗಿರದೆ ಸರಿಸಮನಾದ ಗೆಳೆಯನ ಮಾತಾಗಿತ್ತು. ಚೆಂಬೈ ಅವರ ಕಂಚಿನ ಕಂಠಕ್ಕೆ ಎದುರಾಗಿ ನಿಲ್ಲಲು ಏಳು ತಂತಿಗಳೇ ಬೇಕಾಗಿತ್ತು ಎಂದರೂ ತಪ್ಪಾಗದು. ಚೌಡಯ್ಯನವರು 1943ರಲ್ಲಿ ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ‘ವಾಣಿ’ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದಾಗ ಚೆಂಬೈ ಅವರೂ ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಅವರೂ ಅದರಲ್ಲಿ ಕಾಣಿಸಿಕೊಂಡರು. ಆಗಿನ ವಿದ್ವಾಂಸರೊಬ್ಬರು ಚಿತ್ರ ನಿರ್ಮಾಣಕ್ಕೆ ಕೈಹಾಕುವುದೂ, ಕಛೇರಿಯ ಗೆಳೆಯರು ಅದಕ್ಕೆ ಜೊತೆ ನಿಲ್ಲುವುದೂ ಸಾಮಾನ್ಯ ಸಂಗತಿಯಲ್ಲ.

ಅಗಲಿದವರನ್ನು ನೆನೆಯುವ ಕೆಲಸವನ್ನು ಚೌಡಯ್ಯನವರು ತಾವೂ ಮಾಡಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಲು ತೊಡಗಿ 1931ರಲ್ಲಿ ತೀರಿಕೊಂಡ ಬಳಿಕ, ಆ ಮಂದಿರವನ್ನೂ ಅಲ್ಲಿನ ಸಂಗೀತ ಸೇವೆಯನ್ನೂ ನಿಲ್ಲದಂತೆ ನೋಡಿಕೊಂಡವರಲ್ಲಿ ಶಿಷ್ಯನ ಪಾಲು ದೊಡ್ಡದು. ಮೈಸೂರಿನಲ್ಲಿಯೇ ಅವರು ಅಯ್ಯನಾರ್ ಸಂಗೀತ ಕಾಲೇಜನ್ನೂ ಸ್ಥಾಪಿಸಿದರು. ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ಅವರಿಗೆ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು 1957ರಲ್ಲಿ ದೊರೆಯಿತು. ಪಕ್ಕವಾದ್ಯದವರಿಗೆ ಆ ಬಿರುದು ದೊರೆಯುವುದು ವಿರಳವಾಗಿದ್ದ ಕಾಲದಲ್ಲಿ ಅದಕ್ಕೆ ತನ್ನದೇ ತೂಕವಿತ್ತು. ಅವರು ನಿಧನರಾದದ್ದು 1967ರ ಜನವರಿಯಲ್ಲಿ.

ಅವರ ಹೆಸರಿನಲ್ಲಿ ಕಟ್ಟಡವಿದೆ, ಕರ್ನಾಟಕ ಸರ್ಕಾರ ಕೊಡುವ ಪ್ರಶಸ್ತಿಯಿದೆ. ಏಳು ತಂತಿಯ ಪಿಟೀಲಿನ ಸ್ಥಿತಿ ಮಾತ್ರ ಅಷ್ಟು ಗಟ್ಟಿಯಾಗಿಲ್ಲ. ಶಿಷ್ಯರಾದ ವಿ. ಸೇತುರಾಮಯ್ಯ, ಬೆಂಗಳೂರಿನಲ್ಲಿ ಅನೇಕರನ್ನು ತಯಾರು ಮಾಡಿದ ಆರ್.ಆರ್. ಕೇಶವಮೂರ್ತಿ ಮುಂತಾದವರು ಅದನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗಕ್ಕೂ ದಾಟಿಸಿದರು. ಆದರೆ ನಾದವನ್ನು ದೊಡ್ಡದಾಗಿಸುವ ಕೆಲಸವನ್ನು ಮೈಕು ವಹಿಸಿಕೊಂಡ ಮೇಲೆ, ದುಪ್ಪಟ್ಟು ಶ್ರಮದ ಈ ವಾದ್ಯವನ್ನು ಹೊಸಬರು ಏಕೆ ಎತ್ತಿಕೊಳ್ಳಬೇಕೆಂಬ ಪ್ರಶ್ನೆ ಸಹಜವೇ. ಅದಕ್ಕೆ ಉತ್ತರವೂ ಇದೆ: ಜೋಡಿ ತಂತಿಗಳ ನಾದಕ್ಕೆ ಇರುವ ಮೈಯನ್ನು ಮೈಕು ಕೊಡಲಾರದು, ಅದು ಇರುವ ದನಿಯನ್ನು ಹಿಗ್ಗಿಸಬಲ್ಲದಷ್ಟೇ. ನಾಡಿನ ಸಂಗೀತ ವಿಶ್ವವಿದ್ಯಾಲಯವೂ ಸಂಗೀತ ಸಭೆಗಳೂ ಈ ವಾದ್ಯವನ್ನು ಮಾಡಿಸಿ, ಆ ಪರಂಪರೆಯಲ್ಲಿ ಪಾಠವಾದವರು ಇನ್ನೂ ನಮ್ಮ ನಡುವೆ ಇರುವಾಗಲೇ, ಮನಸ್ಸಿರುವ ಒಬ್ಬಿಬ್ಬರು ವಿದ್ಯಾರ್ಥಿಗಳ ಕೈಗಾದರೂ ಅದನ್ನು ಕೊಡಿಸಲಿ.